ಪದಚರ್ಚೆ: ನ್ಯೂಟ್ರಾನ್ ‘ಗ್ರಹಣ’ವೋ ‘ಸೆರೆ’ಯೋ?

ಮಂಗಳೂರಿನ ಶಾಲೆಯೊಂದರ ವಿಜ್ಞಾನ ಮೇಳದ ಫಲಕಕ್ಕೆ ಹೀಗೊಂದು ಸಾಲು ಬಂದಿದೆ: ‘ಚಿನ್ನ ನಕ್ಷತ್ರದ ಗರ್ಭದಲ್ಲಿ ಬೆಸುಗೆಯಿಂದ ಹುಟ್ಟಿತು. ಅಲ್ಲಿ ಶೀಘ್ರ ನ್ಯೂಟ್ರಾನ್ ಗ್ರಹಣ ನಡೆಯುತ್ತದೆ.’ ‘ಬೆಸುಗೆ’, ‘ಗ್ರಹಣ’ ಎರಡೂ ಸರಿಯೇ? ಬಲ್ಲವರು ತಿಳಿಸಿ.

ಉತ್ತರ: ಪದದ ಮಾತು ಆಮೇಲೆ, ಮೊದಲ ವಾಕ್ಯದಲ್ಲಿ ವಿಷಯವೇ ತಪ್ಪಿದೆ ಮಾರಾಯ್ರೆ. ಬೀಜಕೇಂದ್ರಗಳು ಕೂಡಿದಾಗ ಶಕ್ತಿ ಹೊರಬರುವುದು ಕಬ್ಬಿಣ, ನಿಕ್ಕಲ್‌ವರೆಗೆ ಮಾತ್ರ. ಆಮೇಲೆ ಕೂಡಿಸಲು ನಾವೇ ಶಕ್ತಿ ತುಂಬಬೇಕು. ಪ್ರೋಟಾನ್ ಹೆಚ್ಚಿದಷ್ಟೂ ವಿಕರ್ಷಣೆಯೂ ಜೋರು. ಚಿನ್ನದಲ್ಲಂತೂ 79 ಇವೆ. ವಿದ್ಯುದಾವೇಶವಿಲ್ಲದ ನ್ಯೂಟ್ರಾನಿಗೆ ಈ ತಡೆಯಿಲ್ಲ, ಸಲೀಸಾಗಿ ಒಳಹೋಗುತ್ತದೆ. ಹಗುರ ಧಾತುಗಳಿಗೂ ‘ಬೆಸುಗೆ’ ಅಷ್ಟು ಒಗ್ಗದು. ರಥಬೀದಿಯ ಅಕ್ಕಸಾಲಿಗ ಬೆಸೆದ ಕೊಂಡಿಗಳು ಎರಡಾಗಿಯೇ ಉಳಿಯುತ್ತವೆ. ಹೀಲಿಯಂನಲ್ಲಿ ಹೈಡ್ರೋಜನ್ ಉಳಿದಿರುವುದಿಲ್ಲ. ‘ಸಮ್ಮಿಲನ’ ಇರಲಿ.

‘ಗ್ರಹಣ’ಕ್ಕೆ ಹಿಡಿಯುವುದು ಎಂಬ ಅರ್ಥ ಇದ್ದೇ ಇದೆ. ಆದರೆ ಖಗೋಳದ ಫಲಕದಲ್ಲಿ ಅದನ್ನು ಓದಿದ ಮಕ್ಕಳು ರಾಹು–ಕೇತುಗಳನ್ನೇ ಹುಡುಕಿಯಾರು! ‘ಹೀರಿಕೆ’ ಸಡಿಲ. ‘ಸೆರೆ’ಯೇ ವಾಸಿ, ಸೆರೆಸಿಕ್ಕಿದ್ದು ಆಮೇಲೆ ವೇಷ ಬದಲಿಸುತ್ತದೆ ಎಂಬುದನ್ನು ಹೇಳಿದರಾಯಿತು. ಕಬ್ಬಿಣ-58 (58 ಎಂದರೆ ಪ್ರೋಟಾನ್, ನ್ಯೂಟ್ರಾನ್‌ಗಳ ಒಟ್ಟು ಲೆಕ್ಕ) ಒಂದು ನ್ಯೂಟ್ರಾನ್ ಹಿಡಿದರೆ ಕಬ್ಬಿಣ-59. ಇದರ ಅರ್ಧಾಯು, ಅಂದರೆ ಅರ್ಧಪಾಲು ಕ್ಷಯಿಸಲು ಹಿಡಿಯುವ ಕಾಲ, ಸುಮಾರು 44 ದಿನ. ಬೀಟಾ ಕ್ಷಯದಲ್ಲಿ ನ್ಯೂಟ್ರಾನೊಂದು ಪ್ರೋಟಾನ್ ಆಗಿ, ಪ್ರೋಟಾನ್ ಸಂಖ್ಯೆ 26 ಹೋಗಿ 27 ಆಗುತ್ತದೆ, ಅಂದರೆ ಕೋಬಾಲ್ಟ್-59.

ಎಡವುವುದು ‘ಶೀಘ್ರ’ದಲ್ಲಿ. ಯಾವುದಕ್ಕಿಂತ ಶೀಘ್ರ? ಬೀಟಾ ಕ್ಷಯಕ್ಕಿಂತ. ಮುದಿ ಕೆಂಪು ದೈತ್ಯ ತಾರೆಗಳಲ್ಲಿ ಮುಂದಿನ ನ್ಯೂಟ್ರಾನ್ ಬರುವುದರೊಳಗೆ ಸಾಮಾನ್ಯವಾಗಿ ಕ್ಷಯ ಮುಗಿದಿರುತ್ತದೆ. ಅದು ‘ನಿಧಾನ ಸೆರೆ’. ಬೇರಿಯಂ ಹೆಚ್ಚಾಗಿ ಹೀಗೆ ಬಂದದ್ದು. ಈ ದಾರಿ ಬಿಸ್ಮತ್-209ರ ಆಚೆ ಸಾಗದು. ಇನ್ನೊಂದರಲ್ಲಿ ಕ್ಷಯಕ್ಕೆ ಪುರುಸೊತ್ತೇ ಇಲ್ಲದಂತೆ ಸೆಕೆಂಡಿನ ಆಸುಪಾಸಿನಲ್ಲೇ ಹತ್ತಾರು ನ್ಯೂಟ್ರಾನ್ ನುಗ್ಗುತ್ತವೆ. ಚಿನ್ನ, ಪ್ಲಾಟಿನಂಗಳ ಬಹುಪಾಲು ಮತ್ತು ಯುರೇನಿಯಂ ಈ ಬಗೆಯವು. ‘ಶೀಘ್ರ’ ತಪ್ಪಲ್ಲ, ಆದರೆ ‘ಕ್ಷಯಕ್ಕಿಂತ’ ಎಂಬುದು ಜತೆಗಿರಲಿ.

ಫಲಕಕ್ಕೆ ಹೀಗೆ ಬರೆಯಬಹುದು: ‘ಚಿನ್ನದ ಬಹುಪಾಲು, ನ್ಯೂಟ್ರಾನ್ ತಾರೆಗಳ ವಿಲೀನದಂಥ ಉಗ್ರ ಘಟನೆಗಳಲ್ಲಿ, ಬೀಟಾ ಕ್ಷಯಕ್ಕಿಂತ ಶೀಘ್ರವಾಗಿ ನಡೆಯುವ ನ್ಯೂಟ್ರಾನ್ ಸೆರೆಯಿಂದ ಹುಟ್ಟಿತು.’ ನ್ಯೂಟ್ರಾನ್ ತಾರೆ ಎಂದರೆ ಸ್ಫೋಟಗೊಂಡ ದೊಡ್ಡ ತಾರೆಯ, ಹೆಚ್ಚಾಗಿ ನ್ಯೂಟ್ರಾನ್‌ಗಳಿಂದಲೇ ಆದ ದಟ್ಟ ಉಳಿಕೆ. 2017ರ ಆಗಸ್ಟ್ 17ರಂದು ಗುರುತ್ವದ ಅಲೆಗಳಿಂದ ಪತ್ತೆಯಾದದ್ದು ಇಂಥದೇ ವಿಲೀನ, ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ. ‘ವಿಲೀನ’ ಎಂದರೆ ನಮ್ಮ ಜಿಲ್ಲೆಯವರಿಗೆ ಬ್ಯಾಂಕುಗಳೇ ನೆನಪಾದಾವು. ಆದರೂ ‘ಡಿಕ್ಕಿ’ಗಿಂತ ಅದೇ ಸರಿ. ಅವು ಎದುರುಬದುರು ಬಂದು ಗುದ್ದಿದ್ದಲ್ಲ, ಒಂದನ್ನೊಂದು ಸುತ್ತುತ್ತ ಸುತ್ತುತ್ತ ಹತ್ತಿರವಾಗಿ ಒಂದಾದದ್ದು.