ಕವರೇಜ್ 85 ಪರ್ಸೆಂಟ್ ಇದೆ, ಆದ್ರೂ ಬಿಲ್ ತಪ್ಪು ಬರ್ತಿದೆ. ಇಷ್ಟ್ ಟೆಸ್ಟ್ ಬರ್ದಿದ್ದು ದಂಡನಾ?

ಬಿಲ್ಲಿಂಗ್_ಬಡಪಾಯಿ:
ಎಲ್ರಿಗೂ ನಮಸ್ಕಾರ. ಬೆಳ್ಳಂದೂರು ಕಡೆ ಒಂದ್ ಕಂಪನೀಲಿ ಮೂರೂವರೆ ವರ್ಷದಿಂದ ಜಾವಾ ಬ್ಯಾಕೆಂಡ್ ಮಾಡ್ತಿದೀನಿ. ಕವರೇಜ್, ಅಂದ್ರೆ ಟೆಸ್ಟ್ ಓಡ್ಸಿದಾಗ ಕೋಡಲ್ಲಿ ಎಷ್ಟ್ ಪರ್ಸೆಂಟ್ ಲೈನ್ ಓಡತ್ತೆ ಅನ್ನೋದು, 80ಕ್ಕಿಂತ ಕಮ್ಮಿ ಇದ್ರೆ ಬಿಲ್ಡೇ ಪಾಸ್ ಆಗಲ್ಲ ಅಂತ ಹೋದ್ ವರ್ಷ ಮ್ಯಾನೇಜರ್ ರೂಲ್ ಹಾಕಿದ್ರು, ಸರಿ ಅಂತ ಎಲ್ರೂ ಕೂತ್ಕೊಂಡು ಬರೀ ವ್ಯಾಲ್ಯೂ ಕೊಡೋ ಇಡೋ ಗೆಟರ್ ಸೆಟರ್‌ಗೂ ಬಿಡದೆ ಟೆಸ್ಟ್ ಬರ್ದು 85ಕ್ಕೆ ತಂದ್ವಿ, ಟೀಮ್ ಲಂಚ್ ಕೂಡ ಆಯ್ತು.

ಹೋದ್ ವಾರ ಅಕೌಂಟ್ಸ್ ಮೇಡಂ ಲ್ಯಾಪ್‌ಟಾಪ್ ಎತ್ಕೊಂಡು ನನ್ ಸೀಟ್ ಹತ್ರಾನೇ ಬಂದ್ರು, ಬಿಲ್‌ಗೂ ಅವ್ರ ಲೆಕ್ಕಕ್ಕೂ ತಾಳೆ ಆಗ್ತಿಲ್ವಂತೆ. 10.25 ರೂಪಾಯಿದು ಮೂರ್ ಐಟಂ, ಸಿಜಿಎಸ್‌ಟಿ 9 ಪರ್ಸೆಂಟ್. ನಮ್ ಕೋಡ್ ಒಂದೊಂದ್ ಐಟಂಗೂ ಟ್ಯಾಕ್ಸ್ ಹಾಕಿ ಆಗ್ಲೇ ರೌಂಡ್ ಮಾಡತ್ತೆ, 92 ಪೈಸೆ, ಮೂರಕ್ಕೆ 2.76. ಮೇಡಂ ಒಟ್ಟು 30.75ರ ಮೇಲೆ ಹಾಕಿ ಕೊನೇಲಿ ರೌಂಡ್ ಮಾಡ್ತಾರೆ, 2.77. ಸ್ಪೆಕ್ (ಕೋಡ್ ಏನ್ ಮಾಡ್ಬೇಕು ಅಂತ ಬರ್ದಿರೋ ಡಾಕ್ಯುಮೆಂಟ್) ತೆಗ್ದು ನೋಡಿದ್ರೆ ಒಟ್ಟಿನ ಮೇಲೆ ಅಂತಾನೇ ಇದೆ. ಒಂದ್ ಪೈಸೆ ತಾನೆ ಮೇಡಂ ಅಂದೆ, ಎಸ್‌ಜಿಎಸ್‌ಟಿಲೂ ಒಂದು ಸೇರ್ಸಪ್ಪ, ಆಮೇಲೆ ದಿನಕ್ಕೆ ಎಷ್ಟ್ ಬಿಲ್ ಹೋಗತ್ತೆ ಹೇಳು ಅಂದ್ರು. ಬಾಯಿ ಮುಚ್ಕೊಂಡೆ.

ಮಜಾ ಏನಂದ್ರೆ ಆ ಲೈನ್‌ಗೆ ಟೆಸ್ಟ್ ಇದೆ, ನಾನೇ ಬರ್ದಿದ್ದು, ಹಸಿರಾಗೇ ಇದೆ, ಅಂದ್ರೆ ಪಾಸ್. ಹಂಗಾದ್ರೆ ಕೋಡಿನ ಒಂದೊಂದ್ ತುಂಡನ್ನ ನೋಡೋ ಈ ಯೂನಿಟ್ ಟೆಸ್ಟ್ ಅನ್ನೋದೇ ಬರೀ ಶೋಕಿನಾ, ಇಲ್ಲಾ ನಾವ್ ಬರ್ಯೋದೇ ತಪ್ಪಾ?

ಹಳೇ_ಟೆಸ್ಟರ್:
ಒಂದೇ ಪ್ರಶ್ನೆ. ಆ ಟೆಸ್ಟ್ ಒಳಗೆ 2.76 ಅನ್ನೋ ನಂಬರ್ ಎಲ್ಲಿಂದ ಬಂತು?

ಬಿಲ್ಲಿಂಗ್_ಬಡಪಾಯಿ:
ಹೇಳ್ಕೊಳ್ಳೋಕೆ ನಾಚಿಕೆ ಮೇಡಂ. ಮೊದ್ಲು ಸೊನ್ನೆ ಹಾಕಿ ರನ್ ಮಾಡ್ದೆ, ಫೇಲ್ ಆಯ್ತು, ಆಕ್ಚುಯಲ್ ಅಂತ ಏನ್ ತೋರಿಸ್ತೋ ಅದನ್ನೇ ಎಕ್ಸ್‌ಪೆಕ್ಟೆಡ್ ಜಾಗಕ್ಕೆ ಪೇಸ್ಟ್ ಮಾಡ್ದೆ. ಸಂಜೆ ಏಳಾಗಿತ್ತು, ಆಫೀಸ್ ಕ್ಯಾಬ್ ಬಂದ್ಬಿಟ್ಟಿತ್ತು.

ಹಳೇ_ಟೆಸ್ಟರ್:
ಅಂದ್ಕೊಂಡೆ. ಪರೀಕ್ಷೆ ಬರ್ದ ಹುಡುಗನ ಉತ್ತರ ಪತ್ರಿಕೆ ನೋಡ್ಕೊಂಡೇ ಕೀ ಆನ್ಸರ್ ತಯಾರ್ ಮಾಡಿದ್ರೆ ಅವ್ನು ಔಟ್ ಆಫ್ ಔಟ್ ತಗೊಳ್ದೆ ಇನ್ನೇನ್ ಮಾಡ್ತಾನೆ? ಕ್ಯಾಲ್ಕುಲೇಟರ್ ಹಿಡ್ದು ಸ್ಪೆಕ್ ನೋಡಿ ಲೆಕ್ಕ ಹಾಕ್ಬೇಕಿತ್ತು, ಇಲ್ಲಾ ಆ ಮೇಡಂ ಹತ್ರಾನೇ ಹಳೇ ಬಿಲ್ ನಾಲ್ಕೈದು ಇಸ್ಕೊಂಡಿದ್ರೂ ಸಾಕಿತ್ತು.

ಕವರೇಜ್ ಬಗ್ಗೆ ನಾನ್ ಹೊಸಬ್ರಿಗೆ ಹೇಳೋದು ಇಷ್ಟು: ಮೀಟರ್ ರೀಡರ್ ಬೀದೀಲಿರೋ ಎಲ್ಲಾ ಮನೆ ಗೇಟ್ ಮುಂದೆ ಹಾದು ಹೋದ, ಆದ್ರೆ ಮೀಟರ್ ನೋಡಿದ್ನಾ ಅಂತ ಯಾರಿಗ್ ಗೊತ್ತು. ಲೈನ್ ಓಡ್ತು ಅಂತ ಅದು ಹೇಳತ್ತೆ, ಬಂದ ಉತ್ತರ ಸರಿನಾ ಅಂತ ಯಾರಾದ್ರೂ ನೋಡಿದ್ರಾ ಅನ್ನೋದು ಅದಕ್ಕೆ ಗೊತ್ತಾಗಲ್ಲ. ಅಸರ್ಟ್, ಅಂದ್ರೆ ಉತ್ತರ ತಾಳೆ ನೋಡೋ ಲೈನ್, ಒಂದೂ ಇಲ್ದೆ 100 ತೋರಿಸಿರೋ ಪ್ರಾಜೆಕ್ಟ್ ನಾನೇ ನೋಡಿದೀನಿ.

ಒಂದ್ ಕೆಲ್ಸ ಮಾಡಿ. ಬಿಲ್ಲಿಂಗ್ ಕೋಡ್‌ನ ಬೇಕಂತಾನೇ ಕೆಡಿಸಿ, ಪ್ಲಸ್ ಇರೋ ಕಡೆ ಮೈನಸ್ ಹಾಕಿ, ಕಂಡಿಷನ್ ಉಲ್ಟಾ ಮಾಡಿ, ಆಮೇಲೆ ಟೆಸ್ಟ್ ಓಡ್ಸಿ. ಕೆಂಪಾಗ್ಲಿಲ್ಲ ಅಂದ್ರೆ ಆ ಟೆಸ್ಟ್ ಇದ್ದೂ ಇಲ್ದಂಗೆ. ಇದನ್ನೇ ಮ್ಯುಟೇಷನ್ ಟೆಸ್ಟಿಂಗ್ ಅಂತಾರೆ, ಜಾವಾಗೆ ಪಿಟ್ ಅಂತ ಟೂಲ್ ಇದೆ. ನಿಧಾನ, ಅದಕ್ಕೇ ದುಡ್ಡಿನ ಮಾಡ್ಯೂಲ್‌ಗೆ ಮಾತ್ರ ಹಾಕಿ.

ರಾತ್ರಿ_ರಿಲೀಸ್:
ನಂದೂ ಒಂದ್ ಇದೆ ಗುರು. ನಮ್ಮಲ್ಲಿ ಒಂದ್ ಟೆಸ್ಟ್ ರಾತ್ರಿ ರಿಲೀಸ್ ಟೈಮಲ್ಲೇ ಫೇಲ್ ಆಗೋದು, ಬೆಳಿಗ್ಗೆ ಆಫೀಸಿಗ್ ಬಂದು ಓಡ್ಸಿದ್ರೆ ಚಿನ್ನದಂಥ ಪಾಸ್. ಫ್ಲೇಕಿ (ಕಾರಣ ಇಲ್ದೆ ಒಮ್ಮೆ ಪಾಸ್ ಒಮ್ಮೆ ಫೇಲ್ ಆಗೋದು) ಅಂತ ಹಣೆಪಟ್ಟಿ ಕಟ್ಟಿ ತಿಂಗಳುಗಟ್ಲೆ ರೀರನ್ ಒತ್ಕೊಂಡೇ ಇದ್ವಿ. ಆಮೇಲೆ ಒಂದ್ ತಿಂಗಳ ಒಂದನೇ ತಾರೀಕು ರಾತ್ರಿ 12:40ಕ್ಕೆ ಬಂದ ಆರ್ಡರ್ ಹಿಂದಿನ ತಿಂಗಳ ಇನ್‌ವಾಯ್ಸ್‌ಗೆ ಹೋಗಿ ಕೂತಾಗ ಬೆವ್ರು ಕಿತ್ಕೊಂಡ್ ಬಂತು. ಸರ್ವರ್ ಇರೋದು ಯುಟಿಸಿ ಅನ್ನೋ ಅಂತಾರಾಷ್ಟ್ರೀಯ ಟೈಮಲ್ಲಿ, ನಾವು ಐದೂವರೆ ಗಂಟೆ ಮುಂದೆ. ನಮ್ಗೆ ರಾತ್ರಿ 12ರಿಂದ ಬೆಳಗಿನ ಜಾವ 5:30ರವರೆಗೆ ಅದಕ್ಕಿನ್ನೂ ನೆನ್ನೆನೇ! ಟೆಸ್ಟ್ ಪಾಪ ನಿಜಾನೇ ಬಡ್ಕೊಳ್ತಿತ್ತು, ನಾವೇ ಅದರ ಬಾಯಿ ಮುಚ್ಚಿಸ್ತಿದ್ವಿ.

ಈಗ ಕೋಡ್ ಒಳಗೆ ನೇರವಾಗಿ ಇವತ್ತಿನ ತಾರೀಕು ಕೇಳೋದನ್ನೇ ನಿಲ್ಸಿದೀವಿ. ಜಾವಾ 8ರಿಂದ ಕ್ಲಾಕ್ ಅಂತ ಕ್ಲಾಸ್ ಇದ್ಯಲ್ಲ, ಅದನ್ನ ಹೊರಗಿಂದ ಕೊಡ್ತೀವಿ, ಟೆಸ್ಟಲ್ಲಿ ಮುಳ್ಳನ್ನ ರಾತ್ರಿ 12:40ಕ್ಕೇ ನಿಲ್ಸಿ ನೋಡ್ತೀವಿ.

ಒತ್ತಕ್ಷರ:
ಟೆಸ್ಟ್ ಡೇಟಾ ಬಗ್ಗೆ ಯಾರೂ ಹೇಳ್ಲಿಲ್ಲ. ಬೆಂಗಳೂರಲ್ಲಿ ಕೂತು ಆಪ್ ಮಾಡ್ತೀವಿ, ಟೆಸ್ಟಲ್ಲಿ ಹೆಸ್ರು ಮಾತ್ರ ಯಾವಾಗ್ಲೂ ಜಾನ್ ಡೋ. ಕೃಷ್ಣಮೂರ್ತಿ ಅಂತ ಕನ್ನಡದಲ್ಲಿ ಹಾಕಿ ನೋಡಿ. ನಮ್ ಕಣ್ಣಿಗೆ ನಾಲ್ಕೇ ಅಕ್ಷರ, ಒತ್ತು ಗುಣಿತ ಎಲ್ಲಾ ಬಿಡಿಸಿ ಎಣಿಸೋ ಯುನಿಕೋಡ್ ಲೆಕ್ಕದಲ್ಲಿ 11, ಅದನ್ನ ಸ್ಟೋರ್ ಮಾಡೋ ಯುಟಿಎಫ್-8ರಲ್ಲಿ 33 ಬೈಟ್. ನಮ್ ಡೆಲಿವರಿ ಲೇಬಲ್‌ನಲ್ಲಿ ಹೆಸ್ರಿಗೆ 10ರ ಮಿತಿ ಇತ್ತು, ಕೊನೇ ಗುಡಿಸು ಕಟ್ ಆಗಿ ಕೃಷ್ಣಮೂರ್ತ ಅಂತ ಪ್ರಿಂಟ್ ಆಯ್ತು, ಅವ್ರು ಫೋನ್ ಮಾಡಿ ನನ್ನ ಗುಡಿಸು ಎಲ್ಲಪ್ಪ ಅಂತ ಕೇಳಿದ್ರು. ಎಸ್ಎಂಎಸ್ಸೂ ಅಷ್ಟೇ, ಇಂಗ್ಲಿಷಲ್ಲಿ 160 ಕ್ಯಾರೆಕ್ಟರ್ ಹಿಡಿಯತ್ತೆ, ಕನ್ನಡ ಆದ್ರೆ 70, ಅದು ದಾಟಿದ್ರೆ ಎರಡು ಮೆಸೇಜಿನ ದುಡ್ಡು. ಇನ್ನು ಲಾಸ್ಟ್ ನೇಮ್ ಕಡ್ಡಾಯ ಅನ್ನೋ ಫಾರ್ಮು, ಬರೀ ಇನಿಶಿಯಲ್ ಇರೋ ನಮ್ಮಪ್ಪ ಅದರಲ್ಲಿ ಚುಕ್ಕಿ ಹಾಕಿ ಬರ್ತಾರೆ. ಬಿಡಿ, ಅದು ಬೇರೆ ಜಗಳ.

ಸ್ಪ್ರಿಂಟ್_ಸಾಕಪ್ಪ:
ಎಲ್ಲಾ ಸರಿ ಸ್ವಾಮಿ, ಟೈಮ್ ಎಲ್ಲಿದೆ? ಎರಡ್ ವಾರಕ್ಕೊಂದ್ ರಿಲೀಸು. ಮುಟ್ಟದೇ ಇರೋ ಹಳೇ ಕೋಡ್‌ಗೆ ಮತ್ತೆ ಯಾಕೆ ಟೆಸ್ಟು ಅಂತ ನಮ್ ಲೀಡೇ ಕೇಳ್ತಾರೆ.

ಹಳೇ_ಟೆಸ್ಟರ್:
ನಿಮ್ ಲೀಡ್‌ಗೆ ಏರಿಯಾನ್ 5 ರಾಕೆಟ್ ಕಥೆ ಹೇಳಿ. 1996 ಜೂನ್ 4, ಮೊದಲನೇ ಹಾರಾಟ. ಏರಿಯಾನ್ 4ರಲ್ಲಿ ಸರಿಯಾಗಿ ಓಡ್ತಿದ್ದ ಕೋಡನ್ನೇ ತಂದು ಹಾಕಿದ್ರು, ಹೊಸ ರಾಕೆಟ್ಟಿನ ಹಾರೋ ದಾರಿ ಕೊಟ್ಟು ಅದನ್ನ ಪರೀಕ್ಷೆ ಮಾಡಿರ್ಲಿಲ್ಲ. ಇದರ ಅಡ್ಡ ವೇಗ ಜಾಸ್ತಿ, 64 ಬಿಟ್ ಸಂಖ್ಯೆ 16 ಬಿಟ್‌ಗೆ ಹಿಡೀಲಿಲ್ಲ, 40 ಸೆಕೆಂಡ್ ಒಳಗೆ ಎಲ್ಲಾ ಚೂರು. ಕೋಡ್ ಯಾರೂ ಮುಟ್ಟಿರ್ಲಿಲ್ಲ, ಸುತ್ತ ಇರೋದು ಬದಲಾಗಿತ್ತು.

ಟೈಮ್ ಇಲ್ಲ ಅನ್ನೋದು ಒಪ್ತೀನಿ. ಅದಕ್ಕೇ ಗೆಟರ್‌ಗೆ ಬರ್ಯೋದ್ ಬಿಡಿ ಅಂತಿರೋದು.

ಬಿಲ್ಲಿಂಗ್_ಬಡಪಾಯಿ:
ಅಪ್ಡೇಟ್: ಟೆಸ್ಟರ್ ಮೇಡಂ ಹೇಳ್ದಂಗೆ ಡಿಸ್ಕೌಂಟ್ ಲೈನಲ್ಲಿ ಮೈನಸ್ ತೆಗ್ದು ಪ್ಲಸ್ ಹಾಕ್ದೆ. 41 ಟೆಸ್ಟ್, ಒಂದೂ ಕೆಂಪಾಗ್ಲಿಲ್ಲ!! ಎಲ್ಲಾ ಟೆಸ್ಟಲ್ಲೂ ಡಿಸ್ಕೌಂಟ್ ಸೊನ್ನೆ ಕೊಟ್ಟಿದೀವಿ. ಸ್ಕ್ರೀನ್‌ಶಾಟ್ ಮ್ಯಾನೇಜರ್‌ಗೆ ಕಳ್ಸಿದೀನಿ, ಬ್ಲೂ ಟಿಕ್ ಬಂದಿದೆ, ರಿಪ್ಲೈ ಬಂದಿಲ್ಲ. ಅಕೌಂಟ್ಸ್ ಮೇಡಂ ಮಾತ್ರ ಹಳೇ ಬಿಲ್ 12 ಕೊಟ್ರು, ಅದರಲ್ಲಿ ಮೂರು ಕ್ರೆಡಿಟ್ ನೋಟ್ (ಗಿರಾಕಿ ಬಿಲ್ಲಲ್ಲಿ ದುಡ್ಡು ಕಡಿಮೆ ಮಾಡೋ ಚೀಟಿ), ಅದಕ್ಕೆ ನಮ್ ಕೋಡ್ ಏನ್ ಮಾಡತ್ತೆ ಅಂತ ಟೀಮಲ್ಲಿ ಯಾರಿಗೂ ಗೊತ್ತಿಲ್ಲ. ನಾಳೆ ಕೂರ್ತೀನಿ.