ಬಚ್ಚಲಿನ ಗ್ಯಾಸ್ ಗೀಸರ್‌ಗೆ ಪಿವಿಸಿ ಹೊಗೆ ಪೈಪ್ ಹಾಕಿದ್ದಾರೆ, ಸರಿನಾ? ವೈರಿಂಗ್ ಬಗ್ಗೆಯೂ ಹೇಳಿ

ಆಲ್ದೂರಿನವನು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಚಿಕ್ಕಮಗಳೂರು ತಾಲ್ಲೂಕು ಆಲ್ದೂರಿನ ಹತ್ತಿರ. ಮೊದಲು ಬಚ್ಚಲಲ್ಲಿ ಹಂಡೆ ಒಲೆ ಇತ್ತು. ಅಮ್ಮನಿಗೆ ಸೌದೆ ಹೊತ್ತು ತರುವುದು ಕಷ್ಟ ಆಗ್ತಿದೆ ಅಂತ ಕಳೆದ ತಿಂಗಳು ಹಂಡೆ ತೆಗೆಸಿ ಗ್ಯಾಸ್ ಗೀಸರ್ ಹಾಕಿಸಿದೆ. ಕರೆಂಟ್ ಗೀಸರ್ ಬೇಡ ಅಂದಿದ್ದು ಯಾಕೆಂದರೆ ಮಳೆ ಶುರುವಾದರೆ ನಮ್ಮ ಕಡೆ ಕರೆಂಟ್ ಹೋಗಿದ್ದು ಯಾವಾಗ ಬರುತ್ತೆ ಅಂತ ಹೇಳೋಕಾಗಲ್ಲ.

ಬಚ್ಚಲು ಸಣ್ಣದು, ಐದಡಿ ಆರಡಿ. ಗೀಸರ್ ಒಳಗೇ ಇದೆ, ಸಿಲಿಂಡರ್ ಹೊರಗಿದೆ. ಗೀಸರ್ ತಲೆ ಮೇಲಿಂದ ಪಿವಿಸಿ ಪೈಪ್ ಹಾಕಿ ಗೋಡೆಯಿಂದ ಆಚೆ ಬಿಟ್ಟಿದ್ದಾರೆ. ಕಿಟಕಿ ಒಂದೇ, ಎರಚಲು ಹೊಡೆಯುತ್ತೆ ಅಂತ ಅದಕ್ಕೆ ಪ್ಲಾಸ್ಟಿಕ್ ಶೀಟ್ ಕಟ್ಟಿದ್ದೇವೆ. ಮೇಲೆ ಒಂದು ಎಕ್ಸಾಸ್ಟ್ ಫ್ಯಾನ್ ಇದೆ, ಲೈಟ್ ಹಾಕಿದರೆ ಅದೂ ತಿರುಗುತ್ತದೆ.

ಭಾನುವಾರ ಅಮ್ಮ ಸ್ನಾನ ಮುಗಿಸಿ ಬಂದವರು ತಲೆ ಹಿಡಿದುಕೊಂಡು ಜಗಲಿ ಮೇಲೆ ಕೂತುಬಿಟ್ಟರು. ಒಂದು ಸಲ ವಾಂತಿಯೂ ಆಯ್ತು. ಗಾಳಿಯಲ್ಲಿ ಕೂತ ಮೇಲೆ ಸರಿಹೋಯ್ತು, ಪಿತ್ತ ಇರಬೇಕು ಬಿಡು ಅಂದರು. ಮಾರನೇ ದಿನ ನಾನು ಹದಿನೈದು ನಿಮಿಷ ಸ್ನಾನ ಮಾಡಿದ್ದಕ್ಕೆ ನನಗೂ ತಲೆ ಭಾರ. ಆಗ ಅನುಮಾನ ಬಂದು ನೋಡಿದರೆ, ಗೀಸರ್ ಮುಂದಿನ ತೂತಿನಲ್ಲಿ ಕಾಣುವ ಉರಿ ಹಳದಿ ಬಣ್ಣ ಇದೆ, ಪೈಪ್ ಗೀಸರ್ ಹತ್ತಿರ ಮೆತ್ತಗಾಗಿ ಬಾಗಿದೆ. ಹಾಕಿದವರನ್ನು ಕೇಳಿದರೆ ಫಾರಿನ್‌ನಲ್ಲಿ ಮನೆ ಬಿಸಿ ಮಾಡುವ ಫರ್ನೇಸ್‌ಗೂ ಪಿವಿಸಿಯೇ ಹಾಕುತ್ತಾರೆ ಅಂತ ವಿಡಿಯೋ ತೋರಿಸಿದರು. ಇನ್ನೊಂದು, ಗೀಸರ್ ಸೆಲ್ ಬೇಗ ಖಾಲಿಯಾಗುತ್ತೆ, ಬಚ್ಚಲೊಳಗೇ ಒಂದು ಪ್ಲಗ್ ಕೊಟ್ಟು ಅಡಾಪ್ಟರ್ ಹಾಕ್ತೀನಿ ಅಂತ ಎಲೆಕ್ಟ್ರಿಷಿಯನ್ ಹೇಳ್ತಿದ್ದಾರೆ. ಮಾಡಿಸಲಾ?

ಸಕಲೇಶಪುರದ ನರ್ಸ್

ಅಣ್ಣ, ಮಿಕ್ಕಿದ್ದು ಆಮೇಲೆ. ಮೊದಲು ಸಿಲಿಂಡರ್ ರೆಗ್ಯುಲೇಟರ್ ಆಫ್ ಮಾಡಿ, ಇವತ್ತಿನಿಂದ ಆ ಗೀಸರ್ ಹಚ್ಚಬೇಡಿ. ಅಮ್ಮನಿಗೆ ಆಗಿದ್ದು ಪಿತ್ತ ಅಂತ ನನಗೆ ಅನಿಸುತ್ತಿಲ್ಲ. ತಲೆನೋವು, ವಾಂತಿ, ಹೊರಗೆ ಗಾಳಿಗೆ ಬಂದ ತಕ್ಷಣ ಸುಧಾರಿಸುವುದು, ಒಂದೇ ಬಚ್ಚಲಲ್ಲಿ ಇಬ್ಬರಿಗೂ ಹಾಗೆ ಆಗುವುದು, ಇವೆಲ್ಲ ಕಾರ್ಬನ್ ಮೊನಾಕ್ಸೈಡ್ ವಿಷದ ಲಕ್ಷಣ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಗ್ಯಾಸ್ ಲೀಕ್ ಆದರೆ ಬರುವ ಕೊಳೆತ ವಾಸನೆ ಸಿಲಿಂಡರ್ ಗ್ಯಾಸ್‌ಗೆ ಬೆರೆಸಿರುವ ಮರ್ಕಾಪ್ಟಾನ್‌ದು. ಉರಿದ ಮೇಲೆ ಹುಟ್ಟುವ ಈ ವಿಷಕ್ಕೆ ಆ ವಾಸನೆ ಇರುವುದಿಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ರಕ್ತಕ್ಕೆ ಅಂಟಿಕೊಳ್ಳುತ್ತದೆ. ಕೈಕಾಲಿನ ಶಕ್ತಿಯೇ ಹೋಗುವುದರಿಂದ ಎಷ್ಟೋ ಜನರಿಗೆ ಚಿಲಕ ತೆಗೆಯೋಕೂ ಆಗುವುದಿಲ್ಲ.

ಇನ್ನೊಂದು ಮಾತು ಎಲ್ಲರೂ ನೆನಪಿಟ್ಟುಕೊಳ್ಳಿ. ಕೋವಿಡ್ ಸಮಯದಲ್ಲಿ ತಂದ ಆಕ್ಸಿಮೀಟರ್ ಮನೆಯಲ್ಲಿದೆ, ಬೆರಳಿಗೆ ಹಾಕಿದರೆ 98 ತೋರಿಸಿತು, ಹಾಗಾಗಿ ಏನೂ ಇಲ್ಲ ಅಂದುಕೊಳ್ಳಬೇಡಿ. ಆ ವಿಷ ಕೂತ ರಕ್ತವನ್ನೂ ಅದು ಒಳ್ಳೆಯ ರಕ್ತ ಅಂತಲೇ ಓದುತ್ತದೆ. ರಕ್ತ ಪರೀಕ್ಷೆಯಿಂದಲೇ ಗೊತ್ತಾಗಬೇಕು. ಅಮ್ಮನನ್ನು ಒಮ್ಮೆ ಡಾಕ್ಟರ್‌ಗೆ ತೋರಿಸಿ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆ ಅಂತ ನೀವಾಗಿಯೇ ಹೇಳಿ, ಹೇಳದಿದ್ದರೆ ಅವರಿಗೆ ಹೊಳೆಯುವುದು ಕಷ್ಟ. ಯಾರಾದರೂ ಒಳಗೆ ಬಿದ್ದರೆ ಬಾಗಿಲು ಒಡೆದು ಮೊದಲು ಹೊರಗೆ ಎಳೆದು ತನ್ನಿ, ಆಮೇಲೆ 108.

ಹಾಸನದ ವೈರಿಂಗ್ ಕೆಲಸದವನು

ಸರ್, ನರ್ಸಮ್ಮ ಹೇಳಿದ್ದು ಮೊದಲು ಮಾಡಿ. ನಾನು ಹಾಸನದಲ್ಲಿ ಪ್ಲಂಬಿಂಗ್, ವೈರಿಂಗ್ ಎರಡೂ ಮಾಡ್ತೀನಿ. ನಿಮ್ಮ ಬಚ್ಚಲಲ್ಲಿ ಮೂರು ತಪ್ಪು ಸೇರಿಕೊಂಡಿವೆ.

ಕಿಟಕಿ ಮುಚ್ಚಿದ್ದು ಒಂದು. ಗ್ಯಾಸ್ ಒಂದು ಪಾಲು ಉರಿಯಲು ಗಾಳಿ ಇಪ್ಪತ್ತನಾಲ್ಕು ಪಾಲಿನಷ್ಟಾದರೂ ಬೇಕು. ಅಷ್ಟು ಸಿಗದಿದ್ದಾಗ ಉರಿ ಹಳದಿಯಾಗುತ್ತೆ, ಮಸಿ ಕಟ್ಟುತ್ತೆ, ವಿಷ ಹುಟ್ಟುತ್ತೆ.

ಎರಡನೆಯದು ಆ ಎಕ್ಸಾಸ್ಟ್ ಫ್ಯಾನ್. ಫ್ಯಾನ್ ಇದ್ದರೆ ಒಳ್ಳೇದು ಅಂತ ಎಲ್ಲರೂ ತಿಳಿದಿದ್ದಾರೆ. ಆದರೆ ಬಾಗಿಲು ಕಿಟಕಿ ಮುಚ್ಚಿ ಫ್ಯಾನ್ ಹಾಕಿದರೆ ಅದು ಗಾಳಿಯನ್ನು ಎಲ್ಲಿಂದ ಎಳೆಯಬೇಕು? ನಿಮ್ಮ ಹೊಗೆ ಪೈಪಿನಿಂದಲೇ ಎಳೆಯುತ್ತೆ. ಹೊರಗೆ ಹೋಗಬೇಕಾದ ಹೊಗೆ ವಾಪಸ್ ಒಳಗೆ. ನಂಬಿಕೆ ಬರದಿದ್ದರೆ ಗೀಸರ್ ಹಚ್ಚದೆ ಹೀಗೆ ನೋಡಿ: ಬಾಗಿಲು ಹಾಕಿ, ಫ್ಯಾನ್ ಹಾಕಿ, ಗೀಸರ್ ತಲೆಯ ಹತ್ತಿರ ಪೈಪ್ ಸೇರುವ ಕಡೆ ಒಂದು ಊದುಬತ್ತಿ ಹಿಡಿಯಿರಿ. ಹೊಗೆ ಮೇಲೆ ಹೋಗದೆ ನಿಮ್ಮ ಮುಖಕ್ಕೆ ಬಂದರೆ ಅರ್ಥ ಆಯ್ತಲ್ವಾ.

ಮೂರನೆಯದು ಪಿವಿಸಿ. ಎಪ್ಪತ್ತು ಎಂಬತ್ತು ಡಿಗ್ರಿಗೇ ಅದು ಮೆತ್ತಗಾಗುತ್ತೆ, ಗೀಸರ್ ಹೊಗೆ ನೂರು ಡಿಗ್ರಿ ಸುಲಭವಾಗಿ ದಾಟುತ್ತೆ. ತಗಡಿನ ಪೈಪೇ ಬೇಕು.

ನನ್ನ ಮಾತು ಕೇಳೋದಾದರೆ ಗೀಸರನ್ನು ಬಚ್ಚಲಿಂದ ಆಚೆ ತನ್ನಿ. ನಿಮ್ಮ ಹಳೇ ಹಂಡೆ ನೆನಪಿಸಿಕೊಳ್ಳಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಒಲೆ ಬಾಯಿ ಹಿತ್ತಲ ಕಡೆಗೆ, ಬೆಂಕಿ ಆಚೆ, ನೀರು ಮಾತ್ರ ಒಳಗೆ. ಹಿರಿಯರು ಸುಮ್ನೆ ಹಾಗೆ ಕಟ್ಟಿಸಿರಲಿಲ್ಲ. ಗೀಸರೂ ಹಾಗೇ ಇರಲಿ, ಹಿತ್ತಲ ಗೋಡೆಗೆ ಸೂರಿನ ಕೆಳಗೆ. ಎರಚಲಿಗೆ ಮರೆ ಕಟ್ಟಿಸಿ, ಆದರೆ ಮೇಲೆ ಕೆಳಗೆ ತೆರೆದಿರಲಿ, ಬೀರು ಥರ ಮುಚ್ಚಬೇಡಿ. ಯಾವ ಕಿಟಕಿಯ ಕೆಳಗೂ ಬೇಡ. ಸಿಲಿಂಡರ್ ನೆಟ್ಟಗೆ ನಿಲ್ಲಿಸಿ, ಗುಂಡಿ, ಚರಂಡಿ ಹತ್ತಿರ ಬೇಡ. ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ತಗ್ಗಿಗೆ ಹೋಗಿ ಕೂರುತ್ತೆ. ಸಿಲಿಂಡರಿನಿಂದ ಗ್ಯಾಸ್ ತರುವ ಸುರಕ್ಷಾ ರಬ್ಬರ್ ಪೈಪ್ ಒಂದೂವರೆ ಮೀಟರ್ ಒಳಗಿರಲಿ, ಐದು ವರ್ಷಕ್ಕೆ ಬದಲಾಯಿಸಿ. ಜಾಯಿಂಟ್‌ಗಳಿಗೆ ಸೋಪಿನ ನೊರೆ ಹಚ್ಚಿ ನೋಡಿ. ಲೀಕ್ ಅನಿಸಿದರೆ 1906ಕ್ಕೆ ಫೋನ್ ಮಾಡಿ.

ವೈರಿಂಗ್ ವಿಷಯ. ನಿಮ್ಮದು ಸೆಲ್ ಗೀಸರ್, ಎರಡು ದೊಡ್ಡ ಸೆಲ್, ಒಟ್ಟು 3 ವೋಲ್ಟ್. ಅದು ಕಿಡಿಗೆ, ವಾಲ್ವ್‌ಗೆ ಅಷ್ಟೇ. ಆ 3 ವೋಲ್ಟ್‌ಗೋಸ್ಕರ ನೀರು ಚೆಲ್ಲುವ ಜಾಗಕ್ಕೆ 230 ವೋಲ್ಟ್ ತರೋದು ಯಾಕೆ? ಅಡಾಪ್ಟರ್ ಬೇಡವೇ ಬೇಡ. ಬಚ್ಚಲ ಲೈಟು, ಫ್ಯಾನಿನ ಸ್ವಿಚ್ ಬಾಗಿಲಿನ ಆಚೆ ಇರಲಿ, ಇಡೀ ಮನೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ತಕ್ಷಣ ಲೈನ್ ಕಟ್ ಮಾಡುವ ಸ್ವಿಚ್) ಹಾಕಿಸಿ, ಅರ್ಥಿಂಗ್ ಅಳೆಸಿ. ತಿಂಗಳಿಗೊಮ್ಮೆ ಆರ್‌ಸಿಸಿಬಿ ಟೆಸ್ಟ್ ಬಟನ್ ಒತ್ತಿ, ಟ್ರಿಪ್ ಆಗಲೇಬೇಕು.

ಅರಸೀಕೆರೆ ಟು ಕೆನಡಾ

ಆ ಫರ್ನೇಸ್ ವಿಡಿಯೋ ಬಗ್ಗೆ ನಾನು ಹೇಳ್ತೀನಿ. ನಮ್ಮ ಊರು ಅರಸೀಕೆರೆ, ಈಗ ಇರುವುದು ಕೆನಡಾದಲ್ಲಿ. ನಮ್ಮ ಮನೆ ಫರ್ನೇಸ್‌ಗೂ ಎರಡು ಪ್ಲಾಸ್ಟಿಕ್ ಪೈಪ್ ಇವೆ, ನಿಜ. ಆದರೆ ಅದು ಹೊಗೆಯ ಬಿಸಿಯನ್ನು ಎರಡನೇ ಸಲ ಹಿಂಡಿ ತೆಗೆಯುವ ಮೆಷಿನ್. ಆಚೆ ಬರುವ ಹೊತ್ತಿಗೆ ಹೊಗೆ 40-60 ಡಿಗ್ರಿ ಆಸುಪಾಸಿಗೆ ಇಳಿದಿರುತ್ತದೆ, ಅದರಲ್ಲಿರುವ ಆವಿ ನೀರಾಗಿ ತೊಟ್ಟಿಕ್ಕುತ್ತದೆ. ಅದಕ್ಕೇ ಪ್ಲಾಸ್ಟಿಕ್ ನಡೆಯುತ್ತೆ. ಹಳೇ ಮಾದರಿಯ ಫರ್ನೇಸ್‌ಗೆ ಇಲ್ಲಿಯೂ ಲೋಹದ ಪೈಪೇ. ಎರಡು ಪೈಪಿನಲ್ಲಿ ಒಂದು ಹೊರಗಿನ ಗಾಳಿ ತರಲು, ಇನ್ನೊಂದು ಹೊಗೆ ಬಿಡಲು. ಮನೆಯೊಳಗಿನ ಗಾಳಿಯನ್ನು ಬೆಂಕಿ ಮುಟ್ಟುವುದೇ ಇಲ್ಲ, ಹಾಸನದ ಅಣ್ಣ ಹೇಳಿದ ಹಂಡೆ ಒಲೆ ಥರಾನೇ.

ಇನ್ನೊಂದು ಮುಖ್ಯ ಭಾಗ ಇದೆ, ಅದು ವಿಡಿಯೋದಲ್ಲಿ ಕಾಣುವುದಿಲ್ಲ. ಮೊದಲು ಸಣ್ಣ ಫ್ಯಾನ್ ತಿರುಗಬೇಕು, ಎಳೆತ ಸರಿ ಇದೆ ಅಂತ ಪ್ರೆಷರ್ ಸ್ವಿಚ್ ಒಪ್ಪಬೇಕು, ಆಮೇಲೆ ಗ್ಯಾಸ್ ವಾಲ್ವ್ ತೆರೆಯುವುದು. ಪೈಪಿನ ಬಾಯಿಗೆ ಹಿಮ ತುಂಬಿಕೊಂಡರೆ ಫರ್ನೇಸ್ ಹಚ್ಚಿಕೊಳ್ಳುವುದೇ ಇಲ್ಲ. ಕೆಲವರು ಆ ಸ್ವಿಚ್‌ಗೆ ವೈರ್ ಜೋಡಿಸಿ ಬೈಪಾಸ್ ಮಾಡುತ್ತಾರೆ, ಅದು ಜೀವಕ್ಕೇ ಅಪಾಯ. ಊರಲ್ಲಿ ಫ್ಯಾನ್ ಇರುವ ಗೀಸರ್ ತಗೊಳ್ಳುವವರು ಅಂಗಡಿಯಲ್ಲಿ ಇದನ್ನೇ ಕೇಳಿ: ಕರೆಂಟ್ ಹೋಗಿ ಫ್ಯಾನ್ ನಿಂತರೆ ಗ್ಯಾಸ್ ತಾನಾಗಿ ನಿಲ್ಲುತ್ತಾ?

ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ತಗೊಳ್ಳಿ, ಅದರ ಮೇಲೆ ಇಎನ್ 50291 (EN 50291, ಇಂಥ ಅಲಾರಂಗಳ ಯುರೋಪಿನ ಗುಣಮಟ್ಟದ ನಂಬರ್) ಅಂತ ಬರೆದಿರಬೇಕು. ಅಡುಗೆಮನೆಗೆ ಹಾಕುವ ಗ್ಯಾಸ್ ಲೀಕ್ ಅಲಾರಂ ಬೇರೆ, ಅದಕ್ಕೆ ಈ ವಿಷ ಗೊತ್ತಾಗಲ್ಲ.

ಆಲ್ದೂರಿನವನು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಊದುಬತ್ತಿ ಹಿಡಿದು ನೋಡಿದೆ. ಫ್ಯಾನ್ ಆಫ್ ಇದ್ದಾಗ ಹೊಗೆ ನೆಟ್ಟಗೆ ಮೇಲೆ ಹೋಯ್ತು. ಬಾಗಿಲು ಹಾಕಿ ಫ್ಯಾನ್ ಹಾಕಿದ ತಕ್ಷಣ ಹೊಗೆಯ ಎಳೆ ಮಡಚಿಕೊಂಡು ನನ್ನ ಕಡೆಗೇ ತಿರುಗಿತು. ಅಮ್ಮನನ್ನೂ ಕರೆದು ತೋರಿಸಿದೆ, ಅವರು ಒಂದು ನಿಮಿಷ ಮಾತೇ ಆಡಲಿಲ್ಲ. ಡಾಕ್ಟರ್‌ಗೆ ತೋರಿಸಿದ್ದಾಯ್ತು, ಈಗ ಆರಾಮಾಗಿದ್ದಾರೆ.

ಹಿತ್ತಲ ಗೋಡೆಗೆ ಹಾಕಿಸೋದು ಅಂತ ತೀರ್ಮಾನ ಮಾಡಿದ್ದೇವೆ. ಅಲ್ಲಿಂದ ನಲ್ಲಿಗೆ ಹನ್ನೆರಡು ಅಡಿ ಆಗುತ್ತೆ, ನೀರು ಬರುವಷ್ಟರಲ್ಲಿ ತಣ್ಣಗಾಗಲ್ವಾ?

ಹಾಸನದ ವೈರಿಂಗ್ ಕೆಲಸದವನು

ಮೊದಲ ಒಂದು ಚೊಂಬು ತಣ್ಣೀರು ಬರುತ್ತೆ, ಅಷ್ಟೇ ಸರ್. ಬಿಸಿನೀರಿನ ಪೈಪಿಗೆ ಕಪ್ಪು ಫೋಮ್ ಕೊಳವೆ ಸಿಗುತ್ತೆ, ಅದನ್ನು ಸುತ್ತಿಸಿ. ಹಳೇ ಹೊಗೆ ಪೈಪಿನ ತೂತು ಮುಚ್ಚಿಸಬೇಡಿ, ಜಾಲರಿ ಹಾಕಿ ಗಾಳಿಗೆ ಬಿಡಿ.