ಜೆಡ್/ವಿಎಂ ಅಡಿಯ ಲಿನಕ್ಸ್ ಗೆಸ್ಟ್‌ಗಳಿಗೆ ಎಷ್ಟು ಮೆಮೊರಿ ಕೊಡಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಹಲವು ವರ್ಷಗಳಿಂದ ಸಾಮಾನ್ಯ ಸರ್ವರ್‌ಗಳಲ್ಲಿ ಲಿನಕ್ಸ್ ನಿರ್ವಹಣೆ ಮಾಡುತ್ತಿದ್ದೇನೆ. ಈಗ ನಮ್ಮ ಸಂಸ್ಥೆಯಲ್ಲಿ ಆ ಸರ್ವರ್‌ಗಳನ್ನು ಒಂದೊಂದಾಗಿ ಮೇನ್‌ಫ್ರೇಮ್‌ಗೆ ಸ್ಥಳಾಂತರಿಸಿ, ಒಂದೇ ಯಂತ್ರದಲ್ಲಿ ಹಲವು ಸಿಸ್ಟಂಗಳನ್ನು ನಡೆಸುವ ಐಬಿಎಂನ ಹೈಪರ್‌ವೈಸರ್ ಆದ ಜೆಡ್/ವಿಎಂ ಅಡಿಯಲ್ಲಿ ವರ್ಚುವಲ್ ಮಷೀನ್‌ಗಳಾಗಿ (ಗೆಸ್ಟ್‌ಗಳಾಗಿ) ನಡೆಸುತ್ತಿದ್ದೇವೆ. ಹಳೆಯ ಸರ್ವರ್‌ಗಳಲ್ಲಿ ಇದ್ದಂತೆಯೇ ಪ್ರತಿ ಗೆಸ್ಟ್‌ಗೂ 16 ಜಿಬಿ ಮೆಮೊರಿ ಕೊಟ್ಟಿದ್ದೇವೆ. ಗೆಸ್ಟ್‌ಗಳ ಸಂಖ್ಯೆ ಹೆಚ್ಚಿದಂತೆಲ್ಲ ಎಲ್ಲವೂ ನಿಧಾನವಾಗುತ್ತಿವೆ. ನಾವು ಏನನ್ನು ಸರಿಪಡಿಸಬೇಕು?

ಉತ್ತರ: ನಮಸ್ಕಾರ. ನೀವು ಕೊಟ್ಟ ವಿವರದಿಂದ ನೋಡಿದರೆ ಮೊದಲು ಕೈಹಾಕಬೇಕಾದದ್ದು ಆ 16 ಜಿಬಿಗೇ. ಲಿನಕ್ಸ್ ಕರ್ನಲ್ ಮೆಮೊರಿಯನ್ನು ಖಾಲಿ ಬಿಡುವುದಿಲ್ಲ. ಪ್ರೋಗ್ರಾಂಗಳಿಗೆ ಬೇಕಾದದ್ದು ಹೋಗಿ ಉಳಿದದ್ದನ್ನೆಲ್ಲ ಡಿಸ್ಕ್‌ನಿಂದ ಓದಿದ ಫೈಲ್‌ಗಳ ಕ್ಯಾಶ್‌ಗೆ ಬಳಸಿಕೊಳ್ಳುತ್ತದೆ. ಇಡೀ ಯಂತ್ರ ಒಂದೇ ಲಿನಕ್ಸ್‌ಗೆ ಸೇರಿದ್ದಾಗ ಇದು ಸರಿಯಾದ ನಡವಳಿಕೆ. ಆದರೆ ಜೆಡ್/ವಿಎಂನ ನಿಯಂತ್ರಣ ಭಾಗವಾದ ಸಿಪಿಗೆ ಯಾವ ಪುಟ (ಮೆಮೊರಿಯ ಚಿಕ್ಕ ತುಂಡು) ಕ್ಯಾಶ್, ಯಾವುದು ಪ್ರೋಗ್ರಾಂನದು ಎಂಬ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೆಸ್ಟ್ ಒಮ್ಮೆ ಮುಟ್ಟಿದ ಪುಟವೆಲ್ಲ ಅದರ ಲೆಕ್ಕದಲ್ಲಿ ಬಳಕೆಯಲ್ಲಿರುವ ಪುಟವೇ. ಹೀಗಾಗಿ ಎಲ್ಲ ಗೆಸ್ಟ್‌ಗಳ ಬೇಡಿಕೆ ನಿಜವಾದ ಮೆಮೊರಿಯನ್ನು ಮೀರಿದಾಗ ಸಿಪಿ ಪುಟಗಳನ್ನು ತನ್ನ ಪೇಜಿಂಗ್ ಡಿಸ್ಕ್‌ಗಳಿಗೆ ಕಳಿಸತೊಡಗುತ್ತದೆ, ಮತ್ತು ಲಿನಕ್ಸ್ ತನ್ನ ಕ್ಯಾಶ್‌ನಲ್ಲಿದೆ ಎಂದು ನಂಬಿ ಕೇಳಿದ ಪುಟವನ್ನು ಸಿಪಿ ಡಿಸ್ಕ್‌ನಿಂದ ಹುಡುಕಿ ತರಬೇಕಾಗುತ್ತದೆ. ಡಿಸ್ಕ್ ಓದುವುದನ್ನು ತಪ್ಪಿಸಲೆಂದೇ ಇರುವ ಕ್ಯಾಶ್ ತಾನೇ ಡಿಸ್ಕ್ ಓದುವುದಕ್ಕೆ ಕಾರಣವಾಗುತ್ತದೆ.

ಆದ್ದರಿಂದ ಗೆಸ್ಟ್‌ನ ಗಾತ್ರವನ್ನು ಹಂತಹಂತವಾಗಿ ಇಳಿಸಿರಿ. ಅತಿ ಹೆಚ್ಚು ಕೆಲಸವಿರುವ ಹೊತ್ತಿನಲ್ಲಿ ಲಿನಕ್ಸ್ ಸ್ವಲ್ಪ, ಸ್ವಲ್ಪವೇ, ಸ್ವಾಪ್ ಮಾಡಲು, ಅಂದರೆ ಮೆಮೊರಿಯ ಪುಟಗಳನ್ನು ಡಿಸ್ಕ್‌ಗೆ ಸರಿಸಲು, ಆರಂಭಿಸುವ ಮಟ್ಟ ಬಂದಾಗ ಅಲ್ಲಿ ನಿಲ್ಲಿಸಿರಿ. ಸಾಮಾನ್ಯ ಸರ್ವರ್ ನೋಡಿಕೊಂಡವರಿಗೆ ಸ್ವಾಪ್ ಎಂದರೆ ಅಪಾಯದ ಸೂಚನೆಯಾಗಿ ಕಾಣುತ್ತದೆ. ಇಲ್ಲಿ ಹಾಗಲ್ಲ, ಏಕೆಂದರೆ ಸ್ವಾಪ್ ಜಾಗವನ್ನು ವಿಡಿಸ್ಕ್ ಮೇಲೆ, ಅಂದರೆ ಸಿಪಿ ಮೆಮೊರಿಯಲ್ಲಿಯೇ ರೂಪಿಸಿಕೊಡುವ ಡಿಸ್ಕ್‌ನ ಮೇಲೆ, ಇಡಬಹುದು. ವಿಡಿಸ್ಕ್‌ನ ಬಳಸದ ಭಾಗ ನಿಜವಾದ ಮೆಮೊರಿಯನ್ನು ಆಕ್ರಮಿಸುವುದಿಲ್ಲ. ನಾನು ಯಾವಾಗಲೂ ಎರಡು ವಿಡಿಸ್ಕ್‌ಗಳನ್ನು ಬೇರೆಬೇರೆ ಆದ್ಯತೆಯಲ್ಲಿ ಕೊಡಲು ಹೇಳುತ್ತೇನೆ: ಹೆಚ್ಚಿನ ಆದ್ಯತೆಯದು ಚಿಕ್ಕದಾಗಿರಲಿ, ಅದು ತುಂಬಿ ಎರಡನೆಯದರ ಬಳಕೆ ಶುರುವಾದರೆ ಗೆಸ್ಟ್ ಅನ್ನು ಅತಿಯಾಗಿ ಕುಗ್ಗಿಸಿದ್ದೀರಿ ಎಂದು ತಿಳಿಯಿರಿ.

ಎರಡು ಎಚ್ಚರಿಕೆಗಳಿವೆ. ಜಾವಾ ಹೀಪ್ (ಜಾವಾ ಪ್ರೋಗ್ರಾಂ ತನ್ನ ದತ್ತಾಂಶಕ್ಕೆ ಬಳಸುವ ಮೆಮೊರಿ) ಮತ್ತು ಡೇಟಾಬೇಸ್‌ನ ಬಫರ್‌ಗಳು ಪೂರ್ಣವಾಗಿ ಗೆಸ್ಟ್‌ನ ಮೆಮೊರಿಯೊಳಗೆ ಹಿಡಿಸಲೇಬೇಕು. ಅಂಥ ಗೆಸ್ಟ್‌ಗಳಲ್ಲಿ ಕುಗ್ಗಿಸಲು ಹೆಚ್ಚು ಅವಕಾಶವಿಲ್ಲ. ಇನ್ನೊಂದು, ಗೆಸ್ಟ್‌ನ ಗಾತ್ರ ಬದಲಿಸುವ ಡಿಫೈನ್ ಸ್ಟೋರೇಜ್ ಆಜ್ಞೆ ಕೊಟ್ಟೊಡನೆ ಗೆಸ್ಟ್‌ನ ಮೆಮೊರಿ ಅಳಿಸಿಹೋಗುವುದರಿಂದ ಮೊದಲು ಲಿನಕ್ಸ್ ಅನ್ನು ಕ್ರಮವಾಗಿ ಮುಚ್ಚಿರಿ.

ಪ್ರಶ್ನೆ: ಧನ್ಯವಾದ ಮೇಡಂ. ಟಾಪ್ ಆಜ್ಞೆಯಲ್ಲಿ ಸ್ಟೀಲ್ ಎಂಬ ಅಂಕಿಯೂ ಹೆಚ್ಚಾಗಿ ಕಾಣುತ್ತಿದೆ. ಪ್ರತಿ ಗೆಸ್ಟ್‌ಗೆ ಎಂಟು ವರ್ಚುವಲ್ ಪ್ರೊಸೆಸರ್‌ಗಳಿವೆ. ಇನ್ನಷ್ಟು ಕೊಡಬೇಕೇ?

ಉತ್ತರ: ಇಲ್ಲ, ಇರುವುದನ್ನೇ ಕಡಿಮೆ ಮಾಡಿರಿ. ಗೆಸ್ಟ್‌ಗೆ ಮಾಡುವ ಕೆಲಸವಿದ್ದರೂ ಹೈಪರ್‌ವೈಸರ್ ಪ್ರೊಸೆಸರ್ ಅನ್ನು ಬೇರೆಯದಕ್ಕೆ ಕೊಟ್ಟಿದ್ದ ಸಮಯವೇ ಸ್ಟೀಲ್. ಜೆಡ್/ವಿಎಂನಲ್ಲಿ ಗೆಸ್ಟ್‌ಗೆ ನಿಗದಿಯಾದ ಷೇರ್ (ಪ್ರೊಸೆಸರ್ ಸಮಯದ ಪಾಲು), ಬೇರೆ ಹೇಳದಿದ್ದರೆ ರಿಲೇಟಿವ್ 100, ಆ ಗೆಸ್ಟ್‌ನ ವರ್ಚುವಲ್ ಪ್ರೊಸೆಸರ್‌ಗಳ ನಡುವೆ ಹಂಚಿಹೋಗುತ್ತದೆ. ಎಂಟು ಇದ್ದರೆ ಒಂದೊಂದಕ್ಕೆ ಸಿಗುವುದು ಎಂಟನೆಯ ಒಂದು ಭಾಗ ಮಾತ್ರ, ಹಾಗಾಗಿ ಒಂದೇ ಥ್ರೆಡ್‌ನಲ್ಲಿ ನಡೆಯುವ ಕೆಲಸ ಬಹಳ ಸೊರಗುತ್ತದೆ. ಒಂದೆರಡು ಪ್ರೊಸೆಸರ್‌ಗಳಿಂದ ಆರಂಭಿಸಿರಿ; ಎಲ್‌ಪಾರ್‌ನಲ್ಲಿ, ಅಂದರೆ ಜೆಡ್/ವಿಎಂ ನಡೆಯುವ ಮೇನ್‌ಫ್ರೇಮ್‌ನ ವಿಭಾಗದಲ್ಲಿ, ಇರುವ ಪ್ರೊಸೆಸರ್‌ಗಳ ಸಂಖ್ಯೆಯನ್ನು ಮೀರಿ ಕೊಡುವುದರಿಂದ ಎಂದಿಗೂ ಲಾಭವಿಲ್ಲ.

ಜೊತೆಗೆ, ಸುಮ್ಮನಿರುವ ಗೆಸ್ಟ್ ನಿಜವಾಗಿಯೂ ಸುಮ್ಮನಿದೆಯೇ ಎಂದು ನೋಡಿರಿ. ಮೊದಮೊದಲ ಕರ್ನಲ್‌ಗಳು ಕೆಲಸವಿಲ್ಲದಿದ್ದರೂ ಸೆಕೆಂಡಿಗೆ 100 ಬಾರಿ ಟೈಮರ್‌ಗಾಗಿ ಎಚ್ಚರಗೊಳ್ಳುತ್ತಿದ್ದವು, ನೂರಾರು ಗೆಸ್ಟ್‌ಗಳಿದ್ದಲ್ಲಿ ಅದೊಂದೇ ಯಂತ್ರವನ್ನು ದಣಿಸುತ್ತಿತ್ತು. ಕರ್ನಲ್‌ನಲ್ಲಿ ಆ ಸಮಸ್ಯೆ ಬಗೆಹರಿದಿದೆ. ಆದರೆ ಕೆಲವೇ ಸೆಕೆಂಡಿಗೊಮ್ಮೆ ಏಳುವ ಮಾನಿಟರಿಂಗ್ ಏಜೆಂಟ್‌ಗಳು ಅದೇ ಪರಿಣಾಮವನ್ನು ಮತ್ತೆ ತರುತ್ತವೆ, ಮತ್ತು ಎಲ್ಲ ಗೆಸ್ಟ್‌ಗಳ ಕ್ರಾನ್ ಕೆಲಸಗಳೂ (ನಿಗದಿತ ವೇಳೆಗೆ ತಾವಾಗಿ ನಡೆಯುವವು) ಮಧ್ಯರಾತ್ರಿಯ ಅದೇ ನಿಮಿಷಕ್ಕೆ ಹೊಂದಿಸಿದ್ದರೆ ಮಲಗಿದ್ದ ಗೆಸ್ಟ್‌ಗಳೆಲ್ಲ ಒಟ್ಟಿಗೆ ಎದ್ದು ಮೆಮೊರಿ ಕೇಳುತ್ತವೆ. ಅವುಗಳ ವೇಳೆಯನ್ನು ಚದುರಿಸಿರಿ.

ಮತ್ತೊಬ್ಬ ಸದಸ್ಯರ ಪ್ರಶ್ನೆ: ಮೇಡಂ, ಜೆಡ್/ವಿಎಂ ಬದಲಿಗೆ ಲಿನಕ್ಸ್ ಕರ್ನಲ್‌ನದೇ ಹೈಪರ್‌ವೈಸರ್ ಆದ ಕೆವಿಎಂ ಬಳಸಬಹುದೇ? ಲಿನಕ್ಸ್ ಅಲ್ಲದೆ ಬೇರೆ ಮುಕ್ತ ಆಪರೇಟಿಂಗ್ ಸಿಸ್ಟಂ ಓಡುತ್ತದೆಯೇ?

ಉತ್ತರ: ಬಳಸಬಹುದು. 2008ರ 2.6.26 ಕರ್ನಲ್‌ನಿಂದಲೇ ಕೆವಿಎಂ ಈ ಯಂತ್ರಗಳಲ್ಲಿ ಇದೆ. ಗೆಸ್ಟ್‌ನ ಆದೇಶಗಳನ್ನು ನೇರವಾಗಿ ಹಾರ್ಡ್‌ವೇರ್ ಮೇಲೆ ನಡೆಸಲು ಎರಡೂ ಬಳಸುವುದು ಎಸ್‌ಐಇ ಎಂಬ ಒಂದೇ ಆದೇಶವನ್ನು. ನಿಮ್ಮ ತಂಡದಲ್ಲಿ ಲಿನಕ್ಸ್ ಬಲ್ಲವರೇ ಇದ್ದು ಗೆಸ್ಟ್‌ಗಳೂ ಲಿನಕ್ಸ್ ಮಾತ್ರವೇ ಆಗಿದ್ದರೆ ಕೆವಿಎಂ ಒಳ್ಳೆಯ ಆಯ್ಕೆ ಎಂದು ನಾನು ಭಾವಿಸುತ್ತೇನೆ. ಐಬಿಎಂನ ಮೇನ್‌ಫ್ರೇಮ್ ಆಪರೇಟಿಂಗ್ ಸಿಸ್ಟಂ ಜೆಡ್/ಓಎಸ್‌ನಂಥ ಗೆಸ್ಟ್‌ಗಳೂ ಬೇಕಿದ್ದರೆ, ಅಥವಾ ನೂರಾರು ಗೆಸ್ಟ್‌ಗಳು ಮೆಮೊರಿಯನ್ನು ಬಿಗಿಯಾಗಿ ಹಂಚಿಕೊಳ್ಳಬೇಕಿದ್ದರೆ, 1972ರ ವಿಎಂ/370ರಿಂದ ಬೆಳೆದುಬಂದ ಜೆಡ್/ವಿಎಂನ ಅನುಭವಕ್ಕೆ ಸಾಟಿಯಿಲ್ಲ.

ಬೇರೆ ಸಿಸ್ಟಂಗಳ ಪೈಕಿ ಓಪನ್‌ಸೊಲಾರಿಸ್ 2008ರಲ್ಲಿ ಬಂದಿತ್ತು, ಅದೂ ಜೆಡ್/ವಿಎಂ ಅಡಿಯಲ್ಲಿ ಮಾತ್ರ. ಇಂದು ಕಾರ್ಯಸಾಧ್ಯವಾದ ಆಯ್ಕೆ ಲಿನಕ್ಸ್.

ಪ್ರಶ್ನೆ: ನಮ್ಮ ಬಳಿ ಮೇನ್‌ಫ್ರೇಮ್ ಇಲ್ಲ, ಆದರೆ ನಾವು ಬರೆದ ಸಿ ಪ್ರೋಗ್ರಾಂ ಅಲ್ಲಿ ಓಡಬೇಕಾಗಿದೆ. ಪರೀಕ್ಷಿಸುವುದು ಹೇಗೆ?

ಉತ್ತರ: ಸಾಮಾನ್ಯ ಸರ್ವರ್‌ಗಳ ಎಕ್ಸ್86 ಪ್ರೊಸೆಸರ್‌ಗಾಗಿ ಕಂಪೈಲ್ ಆದ ಫೈಲ್ ಅಲ್ಲಿ ಓಡುವುದಿಲ್ಲ, ಮೇನ್‌ಫ್ರೇಮ್ ಪ್ರೊಸೆಸರ್‌ನ ಮಾದರಿಯಾದ ಎಸ್390ಎಕ್ಸ್‌ಗಾಗಿ ಮತ್ತೆ ಕಂಪೈಲ್ ಮಾಡಬೇಕು. ಬಹುಪಾಲು ಕೋಡ್ ತೊಂದರೆಯಿಲ್ಲದೆ ಕಂಪೈಲ್ ಆಗುತ್ತದೆ, ನಿಜವಾದ ಕಷ್ಟ ಬರುವುದು ಓಡುವಾಗ. ಈ ಪ್ರೊಸೆಸರ್ ಬಿಗ್ ಎಂಡಿಯನ್ ಆಗಿರುವುದರಿಂದ ಸಂಖ್ಯೆಯ ಅತಿ ಹೆಚ್ಚು ಸ್ಥಾನಬೆಲೆಯ ಬೈಟ್ ಮೊದಲು ಬರುತ್ತದೆ. ಸ್ಟ್ರಕ್ಚರ್‌ಗಳನ್ನು ಇದ್ದ ಹಾಗೆಯೇ ಫೈಲಿಗೋ ನೆಟ್‌ವರ್ಕಿಗೋ ಬರೆದಿದ್ದರೆ ಎಕ್ಸ್86 ಯಂತ್ರ ಬರೆದ ದತ್ತಾಂಶವನ್ನು ಇದು ತಪ್ಪಾಗಿ ಓದುತ್ತದೆ, ಯಾವ ದೋಷಸಂದೇಶವನ್ನೂ ಕೊಡದೆ.

ಇದನ್ನು ಹಿಡಿಯಲು ಮೇನ್‌ಫ್ರೇಮ್ ಬೇಕಿಲ್ಲ. ಮೇನ್‌ಫ್ರೇಮ್ ಅನ್ನು ಅನುಕರಿಸುವ ಕ್ಯೂಎಂಯು ಅಥವಾ ಹರ್ಕ್ಯುಲಿಸ್ ಎಮ್ಯುಲೇಟರ್‌ನಲ್ಲಿ ಡೆಬಿಯನ್ ಲಿನಕ್ಸ್‌ನ ಎಸ್390ಎಕ್ಸ್ ಆವೃತ್ತಿಯನ್ನು ಸ್ಥಾಪಿಸಿ, ನಿಮ್ಮ ಪರೀಕ್ಷೆಗಳನ್ನೆಲ್ಲ ಅಲ್ಲಿ ಓಡಿಸಿರಿ. ಎಮ್ಯುಲೇಟರ್ ನಿಧಾನ, ಆದ್ದರಿಂದ ಅಲ್ಲಿ ಸಿಗುವ ವೇಗದ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬೈಟ್ ಕ್ರಮದ ತಪ್ಪುಗಳು ಮಾತ್ರ ನಿಜವಾದ ಯಂತ್ರದಲ್ಲಿ ಕಾಣುವಂತೆಯೇ ಕಾಣುತ್ತವೆ. ಎಕ್ಸ್86ನಲ್ಲಿ ಬರೆದ ಫೈಲ್ ಒಂದನ್ನು ಅಲ್ಲಿ ಓದಿಸುವ ಪರೀಕ್ಷೆಯನ್ನು ತಪ್ಪದೆ ಸೇರಿಸಿರಿ, ಏಕೆಂದರೆ ಬರೆಯುವುದೂ ಓದುವುದೂ ಒಂದೇ ಯಂತ್ರದಲ್ಲಾದರೆ ಈ ದೋಷ ಬಯಲಾಗುವುದೇ ಇಲ್ಲ.